ಹೊಗೆಯಿಲ್ಲದ ಕೆಂಡ

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಮನೆಯೊಳಗೆ ಬೆಚ್ಚಗಿರುವ ಜಾಗಗಳು ಎರಡೇ. ಒಂದು ಅಡುಗೆಮನೆಯ ಒಲೆಯ ಮುಂದೆ, ಇನ್ನೊಂದು ಬಚ್ಚಲ ಹಂಡೆಯ ಒಲೆಯ ಮುಂದೆ. ಶಾಲೆಯಿಂದ ತೊಯ್ದು ಬಂದ ನಾವು ಪುಸ್ತಕದ ಚೀಲವನ್ನು ಜಗುಲಿಯಲ್ಲಿ ಎಸೆದು ಬಚ್ಚಲಿಗೆ ಓಡಿ, ಒಲೆಯ ಬಾಯಿಗೆ ಅಂಗೈ ಹಿಡಿದು ಕೂರುತ್ತಿದ್ದೆವು. ಹಲಸಿನ ಬೀಜ ಸುಡುತ್ತಿದ್ದುದು ಅಲ್ಲೇ, ಮಗ್ಗಿ ಬಾಯಿಪಾಠ ಮಾಡುತ್ತಿದ್ದುದೂ ಅಲ್ಲೇ. ಈಗ ಹೆಚ್ಚಿನ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ. ಆದರೂ ಬಚ್ಚಲ ಒಲೆಗೆ ಸೌದೆಯೇ ಆಗಬೇಕು ಎನ್ನುವ ಮನೆಗಳು ಊರ ಕಡೆ ಇನ್ನೂ ಸಾಕಷ್ಟಿವೆ. ಚಳಿಗೆ ಮೈ ಕಾಯಿಸುವ ಆಸೆಯೂ ಹೋಗಿಲ್ಲ.

ಆ ಬೆಚ್ಚನೆಯ ನೆನಪುಗಳ ನಡುವೆ ನಾನು ಮರೆಯಲಾಗದ ಒಂದು ಬೆಳಗಿನ ಜಾವವೂ ಇದೆ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೊರಗೆ ಬಿಡದ ಮಳೆ. ಬಾಣಂತಿಗೂ ಹಸುಗೂಸಿಗೂ ಶೀತವಾಗಬಾರದೆಂದು ಕೋಣೆಯ ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೆಯ ಸೀರೆ ತುರುಕಿದ್ದರು. ರಾತ್ರಿ ಊಟವಾದ ಮೇಲೆ ಒಲೆಯಿಂದ ನಿಗಿನಿಗಿ ಕೆಂಡ ತೆಗೆದು ಅಗ್ಗಿಷ್ಟಿಕೆಗೆ ತುಂಬಿ, ಮಂಚದ ಪಕ್ಕದಲ್ಲಿಟ್ಟು ಬಾಗಿಲು ಹಾಕಿದರು. ಹೊಗೆಯಾಡುವ ಕೊಳ್ಳಿಗಳನ್ನೆಲ್ಲ ಅಮ್ಮ ಮೊದಲೇ ಆರಿಸಿ ಹೊರಗೆ ಎಸೆದಿದ್ದಳು. ಕೋಣೆಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ.

ಬೆಳಗಿನ ಜಾವ ಅಕ್ಕನ ನರಳಾಟ ಕೇಳಿ ಎಲ್ಲರೂ ಎದ್ದೆವು. ತಲೆ ಸಿಡಿಯುತ್ತಿದೆ ಎಂದಳು. ವಾಂತಿ ಮಾಡಿಕೊಂಡಳು. ಎದ್ದು ನಿಲ್ಲಲು ಹೋದರೆ ಕಾಲು ಕುಸಿಯಿತು. ಮಗು ಹಾಲಿಗೆ ಬಾಯಿ ಹಾಕದೆ ಜೋತುಬಿದ್ದಿತ್ತು. ಬಾಣಂತಿ ಸನ್ನಿ ಎಂದರು ಒಬ್ಬರು, ದೃಷ್ಟಿ ತಾಗಿದೆ ಎಂದರು ಇನ್ನೊಬ್ಬರು. ಅಜ್ಜಿ ಮಾತ್ರ ಮಗುವನ್ನು ಎತ್ತಿಕೊಂಡು ನೇರ ಜಗುಲಿಗೆ ನಡೆದಳು. "ಅವಳನ್ನೂ ಕರ್ಕೊಂಡು ಬನ್ನಿ, ಒಳಗೆ ಉಸಿರು ಕಟ್ತದೆ" ಎಂದಳು. ಮಳೆಯ ಎರಚಲು ಬೀಳುತ್ತಿದ್ದ ಆ ಜಗುಲಿಯಲ್ಲಿ ಅರ್ಧ ಗಂಟೆ ಕಳೆಯುವುದರೊಳಗೆ ಮಗು ಅತ್ತಿತು. ಅದರ ಅಳು ಕೇಳಿ ನಾವೆಲ್ಲ ನಕ್ಕೆವು.

ಆದದ್ದೇನು ಎಂದು ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ. ಇಂಗಾಲವು ಸಾಕಷ್ಟು ಆಮ್ಲಜನಕದಲ್ಲಿ ಉರಿದರೆ ಇಂಗಾಲದ ಡೈ ಆಕ್ಸೈಡ್, ಆಮ್ಲಜನಕ ಸಾಲದಿದ್ದರೆ ಇಂಗಾಲದ ಮೊನಾಕ್ಸೈಡ್ ಎಂದು ಮೇಷ್ಟರು ಬೋರ್ಡಿನ ಮೇಲೆ ಬರೆದರು. ಪರೀಕ್ಷೆಗೆ ಅದು ಎರಡು ಅಂಕದ ಪ್ರಶ್ನೆ. ಈ ಎರಡನೆಯ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಅವರು ಹೇಳುತ್ತಿದ್ದಂತೆ ನನಗೆ ಮಂಚದ ಪಕ್ಕದ ಅಗ್ಗಿಷ್ಟಿಕೆ ನೆನಪಾಯಿತು.

ಒಲೆಯಲ್ಲಿ ಕೆಂಡದ ಮೇಲೆ ತೆಳುವಾದ ನೀಲಿ ಜ್ವಾಲೆ ಆಡುವುದನ್ನು ನೀವು ನೋಡಿರಬಹುದು. ಅದು ಕೆಂಡದೊಳಗೆ ಹುಟ್ಟಿದ ಮೊನಾಕ್ಸೈಡು ಮೇಲೆ ಬಂದು ಗಾಳಿ ಸಿಕ್ಕಿ ಉರಿಯುವ ಬಗೆ. ಅದೇ ಕೆಂಡವನ್ನು ಅಗ್ಗಿಷ್ಟಿಕೆಗೆ ಹಾಕಿ, ಅದು ಬೂದಿ ಮುಸುಕಿ ಮಂಕಾದಾಗ ಆ ಜ್ವಾಲೆ ಇರುವುದಿಲ್ಲ. ಅನಿಲ ಮಾತ್ರ ಹೊರಬರುತ್ತಲೇ ಇರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ಮೈಗೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ವಾಕರಿಕೆ, ಸುಸ್ತು, ಮಂಪರು, ಕೊನೆಗೆ ಎಚ್ಚರ ತಪ್ಪುವುದು. ನಿದ್ದೆಯಲ್ಲಿರುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ ಎನ್ನುವುದೇ ಭಯದ ಸಂಗತಿ. ಹಾಗಾದಾಗ ಮೊದಲು ಹೊರಗಿನ ಗಾಳಿಗೆ ಕರೆತರಬೇಕು, ಆಮೇಲೆ ತಪ್ಪದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಿಣಿ ಮತ್ತು ಹಸುಗೂಸಿನ ವಿಷಯದಲ್ಲಿ "ಈಗ ಹುಷಾರಾಗಿದೆಯಲ್ಲ" ಎಂದು ಸುಮ್ಮನಿರಬಾರದು. ಅಂದು ನಾವು ಸುಮ್ಮನಿದ್ದೆವು. ಅದು ನಮ್ಮ ಅದೃಷ್ಟ, ಜಾಣತನವಲ್ಲ.

ಹಾಗಾದರೆ ಕೆಂಡಕ್ಕಿಂತ ಹೊಗೆಯಾಡುವ ಸೌದೆಯೇ ವಾಸಿಯೇ? ಅದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಗೆ ಜಗತ್ತಿನಲ್ಲಿ ಬಲಿಯಾದವರು ಸುಮಾರು 32 ಲಕ್ಷ. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2.37 ಲಕ್ಷಕ್ಕೂ ಹೆಚ್ಚು. ಹೊಗೆಯೆಂದರೆ ಉರಿಯದೆ ಉಳಿದ ಸೌದೆ. ಅದರಲ್ಲೂ ಮೊನಾಕ್ಸೈಡ್ ಇದೆ, ಜೊತೆಗೆ ಶ್ವಾಸಕೋಶಕ್ಕೆ ಇಳಿಯುವ ಸಣ್ಣ ಕಣಗಳಿವೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ಆಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂದರೆ 1 ಕಿಲೊ ಹಸಿ ಸೌದೆಯಲ್ಲಿ ನಿಜವಾದ ಮರ ಅರ್ಧ ಕಿಲೊ. ಅದು ಉರಿದರೆ ಸುಮಾರು 2,250 ಕಿಲೊಕ್ಯಾಲರಿ ಶಾಖ. ಉಳಿದ ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 38, ಅದನ್ನು ಆವಿ ಮಾಡಲು 270, ಒಟ್ಟು 308 ಕಿಲೊಕ್ಯಾಲರಿ ಬೇಕು. ಹೋದದ್ದು ಏಳರಲ್ಲಿ ಒಂದು ಪಾಲು ಮಾತ್ರ. ಅಷ್ಟಕ್ಕೇ ಹಸಿ ಸೌದೆಯನ್ನು ದೂರಬೇಕೆ?

ದೂರಬೇಕು, ಏಕೆಂದರೆ ದೊಡ್ಡ ನಷ್ಟ ಈ ಲೆಕ್ಕದೊಳಗಿಲ್ಲ. ಕಾದ ಮರದ ಮುಕ್ಕಾಲು ಭಾಗ ಮೊದಲು ಅನಿಲವಾಗಿ ಹೊರಬರುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲ ಉರಿಯುವುದೇ. ಅದು ಪೂರ್ತಿ ಉರಿಯಲು 600 ಡಿಗ್ರಿಯ ಆಸುಪಾಸಿನ ಶಾಖ ಬೇಕು. ನೀರು ಆವಿಯಾಗುವವರೆಗೆ ಒಲೆ ಅಷ್ಟು ಕಾಯುವುದೇ ಇಲ್ಲ. ಆಗ ಅನಿಲವೆಲ್ಲ ಹೊಗೆಯಾಗಿ ಅಮ್ಮನ ಕಣ್ಣಿಗೂ ಮಕ್ಕಳ ಎದೆಗೂ ಹೋಗುತ್ತದೆ.

ಆದ್ದರಿಂದ ಒಳ್ಳೆಯ ಸೌದೆಯ ಮೊದಲ ಗುಣ ಜಾತಿಯಲ್ಲ, ಒಣಗಿರುವುದು. ತೂಕಕ್ಕೆ ತೂಕ ಹಿಡಿದರೆ ಒಣಗಿದ ಎಲ್ಲ ಮರಗಳೂ ಹೆಚ್ಚುಕಡಿಮೆ ಒಂದೇ ಶಾಖ ಕೊಡುತ್ತವೆ. ಜಾಲಿ, ಹುಣಸೆ, ಮತ್ತಿ, ಸರ್ವೆಯಂಥ ಗಟ್ಟಿ ಮರಗಳು ಗಾತ್ರದಲ್ಲಿ ಚಿಕ್ಕವಾಗಿ ಹೆಚ್ಚು ತೂಗುವುದರಿಂದ ನಿಧಾನವಾಗಿ, ಬಹಳ ಹೊತ್ತು ಉರಿಯುತ್ತವೆ. ಬೂರುಗ, ಅತ್ತಿಯಂಥವು ಬುಗ್ಗೆಂದು ಹತ್ತಿ ಮುಗಿದುಹೋಗುತ್ತವೆ. ಮಳೆಗಾಲದ ಸೌದೆಯನ್ನು ಬೇಸಿಗೆಗೆ ಮೊದಲೇ ಸೀಳಿ, ನೆಲಕ್ಕೆ ತಾಗದಂತೆ ಅಡ್ಡಗಳ ಮೇಲೆ ಪೇರಿಸಿ, ಮೇಲೆ ಸೂರು, ಪಕ್ಕಗಳಲ್ಲಿ ಗಾಳಿ ಇರುವಂತೆ ನೋಡಿಕೊಳ್ಳುವ ನಮ್ಮ ಹಿರಿಯರ ಪದ್ಧತಿಗೆ ಇದೇ ಕಾರಣ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಸುಲಭವಾಗಿ ಏಳುತ್ತದೆ, ಎರಡು ತುಂಡು ಬಡಿದರೆ ಟಣ್ಣೆನ್ನುತ್ತದೆ. ಹಸಿಯದು ದಬ್ಬೆನ್ನುತ್ತದೆ, ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಕಾರುತ್ತದೆ.

ಒಣಗಿದ್ದರೂ ಒಲೆಗೆ ಹಾಕಬಾರದ ಕೆಲವು ಇವೆ. ಕಣಗಿಲೆ ವಿಷದ ಗಿಡ, ಅದರ ಹೊಗೆಯೂ ಬೇಡ. ಹೊಳಗೇರಿನಂಥ ಕಾಡುಮರಗಳ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಅಂಥವನ್ನು ಸೀಳುವುದೂ ಬೇಡ, ಸುಡುವುದೂ ಬೇಡ. ಆದರೆ ಇಂದಿನ ದೊಡ್ಡ ಅಪಾಯ ಕಾಡಿನಿಂದ ಬರುವುದಲ್ಲ, ಮನೆ ರಿಪೇರಿಯಿಂದ ಬರುವುದು. ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮಲ್ಲಿ ಮನೆಬಳಕೆಯ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಪ್ಲೈವುಡ್‌ನಲ್ಲಿ ಅಂಟಿದೆ. ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಕಂಬಗಳಲ್ಲಿ ಆರ್ಸೆನಿಕ್ ಇರಬಹುದು, ಅದು ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ಬೆಳಗಿದರೆ ಏನಾದೀತು, ಯೋಚಿಸಿ. ಇನ್ನು ಬೆಂಕಿ ಬೇಗ ಹತ್ತಲೆಂದು ಪ್ಲಾಸ್ಟಿಕ್ ಕವರು, ಸೈಕಲ್ ಟೈರಿನ ಚೂರು ಹಾಕುವ ಅಭ್ಯಾಸವನ್ನು ಇಂದೇ ಬಿಡಿ. ತೆಂಗಿನ ಗರಿ, ಒಣಗಿದ ಅಡಿಕೆ ಹಾಳೆ ಇರುವ ನಾಡಿನಲ್ಲಿ ಅದರ ಅಗತ್ಯವೇ ಇಲ್ಲ.

ಒಳ್ಳೆಯ ಸೌದೆಗೆ ಒಳ್ಳೆಯ ಒಲೆಯೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆ ಹಲವು ಹಿರಿಯರಿಗೆ ನೆನಪಿರಬಹುದು. ಸೌದೆಯ ಕೆಳಗೆ ಜಾಲರಿ, ಅದರಡಿಯಿಂದ ಗಾಳಿ, ಮೇಲೆ ಸಂದಿಲ್ಲದೆ ಕೂರುವ ಪಾತ್ರೆಗಳು, ಹೊಗೆ ಹೊರಹೋಗಲು ಚಿಮಣಿ. ಇದರ ತತ್ವ ಇಷ್ಟೇ. ಓದಲೆಂದು ಹಿಮಾಚಲ, ಕಾಶ್ಮೀರಕ್ಕೆ ಹೋಗುವ ನಮ್ಮ ಮಕ್ಕಳು ಅಲ್ಲಿ ಬುಖಾರಿ ಎಂಬ ತಗಡಿನ ಒಲೆಯನ್ನು ಕಾಣುತ್ತಾರೆ. ಅದು ಕೋಣೆಯನ್ನೇ ಕಾಯಿಸುತ್ತದೆ, ಆದರೆ ಅದರ ಹೊಗೆಕೊಳವೆ ಮನೆಯ ಹೊರಗಿರುತ್ತದೆ. ನಮ್ಮ ಅಗ್ಗಿಷ್ಟಿಕೆಗೆ ಕೊಳವೆ ಇಲ್ಲ ಎನ್ನುವುದೇ ಇವೆರಡರ ನಡುವಿನ ವ್ಯತ್ಯಾಸ. ಕೊಳವೆ ಇದ್ದರೆ ಸಾಲದು, ಹಸಿ ಸೌದೆ ಸುಟ್ಟರೆ ಅದರೊಳಗೆ ಡಾಂಬರಿನಂಥ ಕರಿ ಕಟ್ಟಿ ಕೊನೆಗೆ ಕೊಳವೆಗೇ ಬೆಂಕಿ ಹತ್ತುತ್ತದೆ. ವರ್ಷಕ್ಕೊಮ್ಮೆಯಾದರೂ ಕರಿ ತೆಗೆಸಬೇಕು.

ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಹೊಸದಾಗಿ ಸೀಳಿದ ಒಂದು ತುಂಡು ಸೌದೆಗೆ ಗುರುತು ಹಾಕಿ, ಪ್ರತಿ ಭಾನುವಾರ ತಕ್ಕಡಿಯಲ್ಲಿ ತೂಗಿ ನೋಟ್ ಪುಸ್ತಕದಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತ ವಾರ ಮನೆಯವರಿಗೆ ತೋರಿಸಿ. ಎಷ್ಟು ನೀರನ್ನು ಸುಡಲು ಹೊರಟಿದ್ದೆವು ಎನ್ನುವುದು ಆಗ ಎಲ್ಲರಿಗೂ ತಿಳಿಯುತ್ತದೆ.

ಅಂದು ಜಗುಲಿಯಲ್ಲಿ ಅತ್ತ ಮಗು ಬೆಳೆದು ತಾನೂ ತಾಯಿಯಾದಳು. ಅವಳ ಬಾಣಂತನವೂ ಮಳೆಗಾಲದಲ್ಲೇ ಬಂತು. ಅಕ್ಕ ಮಗಳ ಕೋಣೆಗೆ ಕೆಂಡ ತರಲು ಬಿಡಲಿಲ್ಲ. ಹಂಡೆಯ ಬಿಸಿನೀರನ್ನು ರಬ್ಬರ್ ಚೀಲಕ್ಕೆ ತುಂಬಿ ಹಾಸಿಗೆಯ ಕಾಲ ಬದಿ ಇಟ್ಟಳು. ಮಲಗುವ ಮುಂಚೆ ಕಿಟಕಿಯ ಒಂದು ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟಳು.