ಕನ್ನಡಕ ಒರೆಸುವ ಮುನ್ನ



ನಿಮ್ಮ ಮನೆಯಲ್ಲಿ ಎಷ್ಟು ಮಂದಿಗೆ ಕನ್ನಡಕವಿದೆ? ಒಮ್ಮೆ ಎಣಿಸಿ ನೋಡಿ. ಹಿಂದೆ ಕನ್ನಡಕವೆಂದರೆ ಅಜ್ಜ ಅಜ್ಜಿಯರ ಸೊತ್ತಾಗಿತ್ತು. ಈಗ ಮೂರನೇ ತರಗತಿಯ ಮಗುವಿನ ಮೂಗಿನ ಮೇಲೂ ಅದು ಕುಳಿತಿದೆ. ಇನ್ನೊಂದು ಪ್ರಶ್ನೆ. ಅದನ್ನು ನೀವು ಯಾವುದರಿಂದ ಒರೆಸುತ್ತೀರಿ? ಉತ್ತರ ನನಗೆ ಗೊತ್ತಿದೆ. ಸೀರೆಯ ಸೆರಗು, ಶಾಲಿನ ತುದಿ, ಗಂಡಸರಾದರೆ ಅಂಗಿಯ ಅಂಚು, ಮಕ್ಕಳಾದರೆ ಯೂನಿಫಾರ್ಮ್. ಬಾಯಿಯಿಂದ ‘ಹಾ’ ಎಂದು ಒಂದು ಉಸಿರು ಬಿಟ್ಟು ಎರಡು ಸಲ ಉಜ್ಜಿದರೆ ಮುಗಿಯಿತು. ನಾನೂ ಹಾಗೆಯೇ ಮಾಡುತ್ತಿದ್ದೆ. ಅದರಿಂದ ಏನಾಯಿತೆಂದು ಹೇಳಲಿಕ್ಕೆಂದೇ ಈ ತಿಂಗಳ ಅಂಕಣವನ್ನು ಮೀಸಲಿಟ್ಟಿದ್ದೇನೆ.

ನನ್ನ ಉಮ್ಮ ಸುಬ್‌ಹಿ ನಮಾಝಿನ ನಂತರ ಕುರ್‌ಆನ್ ಓದದೆ ಚಹಾ ಮುಟ್ಟಿದವರಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಗಮನಿಸಿದೆ. ಕುರ್‌ಆನ್ ಮುಂದೆ ತೆರೆದಿದೆ, ತುಟಿಗಳು ಅಲುಗುತ್ತಿವೆ, ಆದರೆ ಪುಟ ಮಗುಚುತ್ತಿಲ್ಲ. ಬಾಯಿಪಾಠವಿದ್ದ ಸಣ್ಣ ಸೂರಾಗಳನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

“ಯಾಕುಮ್ಮಾ, ಓದುವುದಿಲ್ಲವೇ?” ಎಂದು ಕೇಳಿದೆ.

“ಅಕ್ಷರದ ಮೇಲೆ ಹೊಗೆ ಕೂತ ಹಾಗೆ ಕಾಣ್ತದೆ ಮಗಳೇ. ಚುಕ್ಕಿ ಒಂದೋ ಎರಡೋ ಗೊತ್ತಾಗುವುದಿಲ್ಲ. ತಪ್ಪು ಓದುವುದಕ್ಕಿಂತ ಓದದಿರುವುದೇ ಒಳ್ಳೆಯದಲ್ಲವಾ? ಪ್ರಾಯ ಆಯಿತು, ಪೊರೆ ಬಂದಿರಬೇಕು. ನಿನ್ನ ಅಣ್ಣನಿಗೆ ಹೇಳಬೇಡ. ಮತ್ತೆ ಆಪರೇಷನ್, ಖರ್ಚು...”

ಎಷ್ಟು ತಿಂಗಳಿಂದ ಹೀಗೆಂದು ಕೇಳಿದರೆ ಹೇಳಲಿಲ್ಲ. ಮರುದಿನವೇ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಕಣ್ಣು ನೋಡುವ ಮೊದಲು ಕನ್ನಡಕವನ್ನು ಕೈಗೆತ್ತಿಕೊಂಡು ಟಾರ್ಚಿನ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಲೆನ್ಸಿನ ತುಂಬ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳು! “ಇದನ್ನು ಯಾವುದರಿಂದ ಒರೆಸುತ್ತೀರಿ?” ಎಂದು ಕೇಳಿದರು. ಉಮ್ಮ ಹೆಮ್ಮೆಯಿಂದ, “ದಿನಾ ಸಂಜೆ ನನ್ನ ಮಗಳೇ ಶಾಲಿನಿಂದ ಚೆನ್ನಾಗಿ ಉಜ್ಜಿ ಕೊಡ್ತಾಳೆ” ಎಂದರು. ನಾನು ತಲೆ ತಗ್ಗಿಸಿದೆ.

ಕಣ್ಣಿನ ಪೊರೆ ಆಗಷ್ಟೇ ಆರಂಭವಾಗಿತ್ತು. ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಹೊಸ ಲೆನ್ಸ್ ಹಾಕಿಸಿದ ಮೇಲೆ ಉಮ್ಮ ಮತ್ತೆ ಪುಟ ಮಗುಚತೊಡಗಿದರು. ಆದರೆ ಅವರಿಂದ ಅಷ್ಟು ದಿನಗಳ ಓದನ್ನು ಕಸಿದದ್ದು ನನ್ನ ಸೇವೆಯೇ ಎಂಬುದನ್ನು ನಾನು ಮರೆಯಲಾರೆ.

ಗಾಜಲ್ಲ, ಪ್ಲಾಸ್ಟಿಕ್

ನಾವು ರೂಢಿಯಲ್ಲಿ ‘ಕನ್ನಡಕದ ಗಾಜು’ ಎನ್ನುತ್ತೇವೆ. ಆದರೆ ಇಂದಿನ ಹೆಚ್ಚಿನ ಕನ್ನಡಕಗಳಲ್ಲಿ ಗಾಜೇ ಇಲ್ಲ. ಅಮೆರಿಕದಲ್ಲಿ 1940ರಲ್ಲಿ ‘ಸಿಆರ್-39’ ಎಂಬ ಪ್ಲಾಸ್ಟಿಕ್ ತಯಾರಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಯುದ್ಧವಿಮಾನಗಳ ಇಂಧನ ಟ್ಯಾಂಕುಗಳಿಗೆ ಬಳಸಿದರು. ಯುದ್ಧ ಮುಗಿದ ನಂತರ 1947ರಲ್ಲಿ ಅದರಿಂದ ಕನ್ನಡಕದ ಲೆನ್ಸ್ ಮಾಡತೊಡಗಿದರು. ಗಾಜಿನ ಸುಮಾರು ಅರ್ಧದಷ್ಟೇ ಭಾರ, ಬಿದ್ದರೆ ಸುಲಭವಾಗಿ ಒಡೆಯದು. ಮಕ್ಕಳಿಗೆ ಕೊಡುವ ಪಾಲಿಕಾರ್ಬೊನೇಟ್ ಲೆನ್ಸ್ ಇನ್ನೂ ಗಟ್ಟಿಮುಟ್ಟು. ಆದರೆ ಒಡೆಯದ ವಸ್ತು ಗೀರು ಬೀಳದ ವಸ್ತುವಾಗಿರಬೇಕೆಂದಿಲ್ಲ. ಪ್ಲಾಸ್ಟಿಕ್ಕಿನ ಮೈ ಗಾಜಿಗಿಂತ ಮೆದು. ಅದಕ್ಕಾಗಿಯೇ ಅದರ ಮೇಲೆ ತೆಳುವಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ಪ್ರತಿಫಲನ ತಡೆಯುವ ಇನ್ನೊಂದು ಲೇಪವೂ ಇರಬಹುದು. ಲೈಟಿನ ಕೆಳಗೆ ಹಿಡಿದಾಗ ಕನ್ನಡಕದಲ್ಲಿ ಹಸಿರು ಅಥವಾ ನೀಲಿ ಛಾಯೆ ಕಂಡರೆ ಆ ಲೇಪ ಇದೆ ಎಂದರ್ಥ.

ಇನ್ನು ಧೂಳಿನ ಸಂಗತಿ. ವಸ್ತುಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಒಂದು ಕ್ರಮವಿದೆ. ಅದರಲ್ಲಿ ಸಾಮಾನ್ಯ ಗಾಜಿಗೆ ಸುಮಾರು ಐದೂವರೆ, ಮರಳಿನ ಕಣಕ್ಕೆ 7. ರಸ್ತೆಯ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ಇದ್ದೇ ಇರುತ್ತದೆ. ಅದು ಗಾಜನ್ನೇ ಗೀರಬಲ್ಲದಾದರೆ ಪ್ಲಾಸ್ಟಿಕ್ಕಿನ ಪಾಡೇನು? ಒಣಗಿದ ಲೆನ್ಸನ್ನು ಸೆರಗಿನಿಂದ ಉಜ್ಜುವಾಗ ನಾವು ಧೂಳನ್ನು ತೆಗೆಯುತ್ತಿಲ್ಲ. ಪಾತ್ರೆಯ ತಳವನ್ನು ಮರಳಿನಿಂದ ತಿಕ್ಕುವಂತೆ ತಿಕ್ಕುತ್ತಿದ್ದೇವೆ. ಸೆರಗು ಒಗೆದು ಶುಭ್ರವಾಗಿದ್ದರೂ ಲೆನ್ಸಿನ ಮೇಲೆ ಕುಳಿತ ಧೂಳು ಹಾಗೆಯೇ ಇರುತ್ತದಲ್ಲವೇ? ಬಾಯಿಯ ಉಸಿರಿನ ತೇವಕ್ಕೆ ಅದನ್ನು ಹರಿಸಿಕೊಂಡು ಹೋಗುವ ಶಕ್ತಿಯಿಲ್ಲ.

ನಾವು ವಸ್ತುವನ್ನು ನೋಡುವುದು ಅದರಿಂದ ಬೆಳಕು ಬಂದು ಕಣ್ಣನ್ನು ತಲುಪುವುದರಿಂದ ಎಂದು ಇಬ್ನುಲ್ ಹೈಸಮ್‌ರವರು ಹನ್ನೊಂದನೇ ಶತಮಾನದ ಆರಂಭದಲ್ಲೇ ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ ವಿವರಿಸಿದ್ದರು. ಅಕ್ಷರದಿಂದ ಬರುವ ಆ ಬೆಳಕು ಲೆನ್ಸಿನ ಗೀರುಗಳಿಗೆ ತಾಗಿ ಚೆದುರುತ್ತದೆ. ಉಮ್ಮ ಹೇಳಿದ ಹೊಗೆ ಅದುವೇ. ಗೀರುಬಿದ್ದ ಲೆನ್ಸಿನಿಂದ ಕಣ್ಣು ಕೆಡುವುದಿಲ್ಲ. ಆದರೆ ಕಣ್ಣಿಗೆ ಆಯಾಸ, ತಲೆನೋವು, ಓದಿನಲ್ಲಿ ಬೇಸರ ಇವೆಲ್ಲ ಬರಬಹುದು.

ಮೊದಲು ನೀರು, ಆಮೇಲೆ ಬಟ್ಟೆ

ಹಾಗಾದರೆ ಹೇಗೆ ಶುಚಿಗೊಳಿಸಬೇಕು? ಖರ್ಚಿಲ್ಲದ ಕೆಲಸ. ಎರಡು ನಿಮಿಷ ಸಾಕು.

ಮೊದಲು ನಿಮ್ಮ ಕೈ ತೊಳೆದುಕೊಳ್ಳಿ. ಕೈಯಲ್ಲಿ ಎಣ್ಣೆಯ ಪಸೆ ಇದ್ದರೆ ಅದೇ ಲೆನ್ಸಿಗೆ ಅಂಟುತ್ತದೆ. ನಂತರ ಕನ್ನಡಕವನ್ನು ನಳ್ಳಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಉಜ್ಜಬೇಡಿ, ಧೂಳನ್ನು ನೀರೇ ಕೊಂಡುಹೋಗಲಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡಿನ ಒಂದೇ ಒಂದು ಹನಿಯನ್ನು ಬೆರಳ ತುದಿಗೆ ಹಾಕಿ ಲೆನ್ಸಿನ ಎರಡೂ ಬದಿಗೆ ಮೆಲ್ಲಗೆ ಸವರಿ. ಲಿಂಬೆಹುಳಿ ಬೆರೆತ ಲಿಕ್ವಿಡ್ ಬೇಡ. ಮೈಗೆ ಹಚ್ಚುವ ಸೋಪೂ ಬೇಡ, ಅದರ ಪಸೆ ಲೆನ್ಸಿನ ಮೇಲೆ ಉಳಿಯುತ್ತದೆ. ಮೂಗಿನ ಮೇಲೆ ಕೂರುವ ಭಾಗ ಮತ್ತು ಕಡ್ಡಿಯ ಸಂದುಗಳನ್ನು ಮರೆಯಬೇಡಿ. ಬೆವರು, ಸುರ್ಮಾ, ಕ್ರೀಮು ಸೇರಿಕೊಳ್ಳುವುದು ಅಲ್ಲಿಯೇ. ಮತ್ತೆ ತೊಳೆದು ನೀರು ಕೊಡವಿ, ಶುಭ್ರವಾದ ಮೆತ್ತನೆಯ ಹತ್ತಿ ಬಟ್ಟೆ ಅಥವಾ ಅಂಗಡಿಯವರು ಕೊಟ್ಟ ನಯವಾದ ಬಟ್ಟೆಯಿಂದ ತೇವ ಒತ್ತಿ ತೆಗೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಹಾಗೆಯೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅಂಥ ಊರಿನವರು ಕೊನೆಗೊಮ್ಮೆ ಫಿಲ್ಟರ್ ನೀರು ಹಾಕಿದರೆ ಒಳ್ಳೆಯದು.

ಆ ನಯವಾದ ಬಟ್ಟೆಯನ್ನೂ ಆಗಾಗ ಒಗೆಯಬೇಕು. ತಿಂಗಳುಗಟ್ಟಲೆ ಪರ್ಸಿನ ತಳದಲ್ಲಿ ಬಿದ್ದ ಬಟ್ಟೆಯಲ್ಲಿ ಧೂಳಲ್ಲದೆ ಇನ್ನೇನಿರುತ್ತದೆ? ಒಗೆಯುವಾಗ ಬಟ್ಟೆಗೆ ಮೃದುತ್ವ, ಪರಿಮಳ ಬರಲು ಹಾಕುವ ದ್ರಾವಣವನ್ನು ಇದಕ್ಕೆ ಹಾಕಬೇಡಿ. ಲೆನ್ಸ್ ಮಸುಕಾಗುತ್ತದೆ.

ಇವುಗಳಿಂದ ದೂರವಿರಿ

ಟಿಶ್ಯೂ ಪೇಪರ್ ಮೆತ್ತಗೆ ಕಂಡರೂ ಅದು ಮರದ ನಾರು. ಅದರಿಂದ ಉಜ್ಜಬೇಡಿ. ಕಿಟಕಿ ಗಾಜು ಒರೆಸುವ ದ್ರಾವಣ, ವಿನೆಗರ್, ಬ್ಲೀಚಿಂಗ್ ಇವು ಲೇಪವನ್ನು ಹಾಳುಮಾಡುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರಾವಣವಂತೂ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಅತ್ತರು, ಸ್ಪ್ರೇ ಹಾಕಿಕೊಂಡ ಮೇಲೆ ಕನ್ನಡಕ ಧರಿಸಿ, ಮೊದಲೇ ಅಲ್ಲ.

ಗೀರು ಹೋಗಿಸಲು ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚಿ ಎಂದು ಹೇಳುವವರಿದ್ದಾರೆ. ನಂಬಬೇಡಿ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜುವುದಕ್ಕೆಂದೇ ನುಣ್ಣನೆಯ ಪುಡಿ ಇರುತ್ತದೆ. ಅದು ಉಳಿದ ಲೇಪವನ್ನೂ ಕಿತ್ತುಹಾಕುತ್ತದೆ. ಒಮ್ಮೆ ಬಿದ್ದ ಗೀರನ್ನು ಮನೆಯಲ್ಲಿ ಅಳಿಸಲಾಗದು.

ಬಿಸಿಯೂ ಕನ್ನಡಕದ ಶತ್ರು. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಷ್ಟು ಅದರ ಮೇಲಿನ ಲೇಪ ಹಿಗ್ಗುವುದಿಲ್ಲ. ಆಗ ಲೇಪದಲ್ಲಿ ಬಿರುಕುಗಳೇಳುತ್ತವೆ. ಆದ್ದರಿಂದ ಬಿಸಿನೀರಿನಲ್ಲಿ ತೊಳೆಯಬೇಡಿ, ಒಲೆಯ ಪಕ್ಕದಲ್ಲಿ ಇಡಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ.

ವುಝೂ ಮಾಡುವಾಗ ಕನ್ನಡಕ ತೆಗೆದು ಎಲ್ಲಿ ಇಡುತ್ತೀರಿ? ನೀರಿನ ತೊಟ್ಟಿಯ ಸಿಮೆಂಟು ಕಟ್ಟೆಯ ಮೇಲೆ, ಲೆನ್ಸ್ ಕೆಳಗಾಗಿ! ದಿನಕ್ಕೆ ಐದು ಸಲ ಹೀಗಾದರೆ ಲೆನ್ಸ್ ಉಳಿದೀತೇ? ಲೆನ್ಸ್ ಮೇಲ್ಮುಖವಾಗಿರಲಿ. ಮಲಗುವಾಗ ಗಟ್ಟಿ ಡಬ್ಬಿಯಲ್ಲಿಡಿ. ತೆಗೆಯುವಾಗ ಎರಡೂ ಕೈ ಬಳಸಿ. ಒಂದೇ ಕೈಯಿಂದ ಎಳೆದರೆ ಕಡ್ಡಿ ಸಡಿಲವಾಗುತ್ತದೆ.

ನಿಕಾಬ್ ಧರಿಸುವವರಿಗೆ ಇನ್ನೊಂದು ಕಿರಿಕಿರಿ ಇದೆ. ಉಸಿರು ಮೇಲೇರಿ ಲೆನ್ಸ್ ಮಬ್ಬಾಗುವುದು. ಬಟ್ಟೆ ಮೂಗಿನ ಮೇಲೆ ಸರಿಯಾಗಿ ಕೂರುವಂತೆ ಕಟ್ಟಿಕೊಂಡು, ಕನ್ನಡಕವನ್ನು ಬಟ್ಟೆಯ ಮೇಲೆ ಕೂರಿಸಿದರೆ ಸಾಕಷ್ಟು ಕಡಿಮೆಯಾಗುತ್ತದೆ. ಮಬ್ಬು ಬಂದೊಡನೆ ಉಜ್ಜಬೇಡಿ, ಅರೆಕ್ಷಣ ಗಾಳಿಗೆ ಹಿಡಿಯಿರಿ. ಗುಲ್ಮಾರ್ಗ್‌ನಂಥ ಕಡೆಗೆ ಪ್ರವಾಸ ಹೋಗಿ ಹಿಮದ ಮೇಲೆ ಜಾರುವ ಆಟಕ್ಕಿಳಿಯುವ ಮಕ್ಕಳಿಗೂ ಈ ಮಾತು ಹೇಳಿಕೊಡಿ. ಅಲ್ಲಿ ಧರಿಸುವ ದೊಡ್ಡ ಕನ್ನಡಕದ ಒಳಮೈಗೆ ಮಬ್ಬು ತಡೆಯುವ ಲೇಪವಿರುತ್ತದೆ. ಒದ್ದೆಯಾಗಿರುವಾಗ ಅದನ್ನು ಉಜ್ಜಿದರೆ ಲೇಪ ಕಿತ್ತುಬರುತ್ತದೆ. ನೀರು ಕೊಡವಿ, ಮೆತ್ತನೆಯ ಬಟ್ಟೆ ಒತ್ತಿ, ತಾನಾಗಿ ಒಣಗಲು ಬಿಡಬೇಕು. ಬೈಕಿನ ಹೆಲ್ಮೆಟ್ಟಿನ ಮುಂಭಾಗದ ಪಾರದರ್ಶಕ ಹಾಳೆಗೂ ಒಣ ಬಟ್ಟೆಯ ಉಜ್ಜಾಟ ಬೇಡ. ರಾತ್ರಿ ಎದುರಿನ ವಾಹನದ ಬೆಳಕು ಗೀರುಗಳಲ್ಲಿ ಹರಡಿದರೆ ದಾರಿಯೇ ಕಾಣದು.

ಒಂದು ಎಚ್ಚರಿಕೆ. ಕನ್ನಡಕ ಶುಚಿಯಾಗಿದೆ, ಗೀರಿಲ್ಲ, ಆದರೂ ಮಸುಕೆಂದರೆ ತಡಮಾಡಬೇಡಿ, ಕಣ್ಣಿನ ಡಾಕ್ಟರರಿಗೆ ತೋರಿಸಿ. ನಮ್ಮ ಉಮ್ಮಂದಿರು ತಾವಾಗಿ ಹೇಳುವುದಿಲ್ಲ. ಮನೆಯ ಖರ್ಚಿನ ಪಟ್ಟಿಯಲ್ಲಿ ತಮ್ಮ ಕಣ್ಣನ್ನು ಕೊನೆಗೆ ಬರೆಯುವವರು ಅವರು. ನಾವೇ ಗಮನಿಸಬೇಕು. ಶಾಲೆಗೆ ಹೋಗುವ ಮಗು ಬೋರ್ಡಿನದ್ದನ್ನು ತಪ್ಪಾಗಿ ಬರೆದುಕೊಂಡು ಬಂದರೆ ಗದರಿಸುವ ಮೊದಲು ಅದರ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ. ಶಿಕ್ಷಕಿಯಾಗಿ ಈ ಮಾತನ್ನು ನನಗೂ ಹೇಳಿಕೊಳ್ಳುತ್ತಿದ್ದೇನೆ.

ಈಗಲೂ ಪ್ರತಿ ಸಂಜೆ ಉಮ್ಮನ ಕನ್ನಡಕವನ್ನು ಶುಚಿ ಮಾಡುವವಳು ನಾನೇ. ಶಾಲಿನ ತುದಿಯಿಂದಲ್ಲ, ನಳ್ಳಿಯ ಕೆಳಗೆ. ಪ್ರೀತಿಪಾತ್ರರ ಸೇವೆಗೆ ಮನಸ್ಸೊಂದೇ ಸಾಲದು ಸಹೋದರಿಯರೇ, ಅದನ್ನು ಮಾಡುವ ಕ್ರಮವನ್ನೂ ಕಲಿತಿರಬೇಕು. ಈ ಪುಟ ಓದಿ ಮುಗಿಸಿದೊಡನೆ ಎದ್ದು ನಿಮ್ಮ ಮನೆಯ ಹಿರಿಯರ ಕನ್ನಡಕವನ್ನೊಮ್ಮೆ ಕೈಗೆತ್ತಿಕೊಳ್ಳುವಿರಾ?