ಆರೋಗ್ಯ ಅಂಕಣ: ಕರಿಜೀರಿಗೆ ಎಣ್ಣೆ, ಎಷ್ಟು ಮದ್ದು ಎಷ್ಟು ಮಾತು?

ಈ ಸಲದ ಅಂಕಣಕ್ಕೆ ವಿಷಯ ಹುಡುಕುವ ತೊಂದರೆ ನನಗಾಗಲಿಲ್ಲ. ಒಂದು ವರ್ಷದಿಂದ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ, ಊಟದ ಸಾಲಿನಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಬಂದು "ಡಾಕ್ಟ್ರೇ, ಈ ಬ್ಲ್ಯಾಕ್ ಸೀಡ್ ಆಯಿಲ್ ಕುಡಿದರೆ ಶುಗರ್ ಹೋಗುತ್ತಂತೆ, ಹೌದಾ?" ಎಂದು ಕೇಳುತ್ತಾರೆ. ಹೆಣ್ಣುಮಕ್ಕಳ ಪ್ರಶ್ನೆ ಕೂದಲಿನದು. ಹಿಂದೆಲ್ಲ ಗಲ್ಫಿನಿಂದ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಖರ್ಜೂರ, ಟ್ಯಾಂಗ್ ಡಬ್ಬ, ನೋವಿನ ಮುಲಾಮು ಇರುತ್ತಿದ್ದವು. ಈಗ ಅವುಗಳ ನಡುವೆ ಬಟ್ಟೆ ಸುತ್ತಿದ ಈ ಎಣ್ಣೆಯ ಬಾಟಲಿಯೂ ಕೂತಿರುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಇದು ನಮ್ಮ ಕರಿಜೀರಿಗೆ, ಹಿಂದಿಯವರ ಕಲೌಂಜಿ. ಸಸ್ಯಶಾಸ್ತ್ರದ ಹೆಸರು ನೈಜೆಲ್ಲಾ ಸಟೈವಾ. ಅರಬ್ಬರು ಹಬ್ಬತ್ ಅಲ್ ಬರಕಾ, ಅಂದರೆ 'ಬರಕತ್ತಿನ ಕಾಳು' ಎನ್ನುತ್ತಾರೆ. ಜೀರಿಗೆಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನ ಅಂಗಡಿಗಳಲ್ಲಿ ಈರುಳ್ಳಿ ಬೀಜ ಎಂದು ಮಾರುತ್ತಾರೆ, ಈರುಳ್ಳಿಗೂ ಸಂಬಂಧವಿಲ್ಲ. ಧಾರವಾಡ ಕಡೆಯ ಹಿರಿಯರೊಬ್ಬರು "ಇದು ನಮ್ಮ ಗುರೆಳ್ಳ ಅಲ್ಲೇನ್ರೀ?" ಎಂದು ನನ್ನನ್ನು ಕೇಳಿದ್ದರು. ಅಲ್ಲ. ಗುರೆಳ್ಳು, ಅಂದರೆ ಮೈಸೂರು ಕಡೆಯ ಹುಚ್ಚೆಳ್ಳು, ಸೂರ್ಯಕಾಂತಿಯ ಕುಟುಂಬದ್ದು. ಇಂಗ್ಲಿಷಿನಲ್ಲಿ ಅದಕ್ಕೆ ನೈಜರ್ ಎನ್ನುವುದರಿಂದ ಈ ಎಡವಟ್ಟು. ರೊಟ್ಟಿಗೆ ಗುರೆಳ್ಳು ಚಟ್ನಿಪುಡಿಯಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ, ಆದರೆ ಅದು ಬೇರೆ ಕಾಳು. ಗ್ರಂಥಿಗೆ ಅಂಗಡಿಯ ಕಾಡುಜೀರಿಗೆಯೂ ಬೇರೆ. ಊರಿನಿಂದ ತರಿಸುವವರು ಹೆಸರು ಸರಿಯಾಗಿ ಬರೆದು ಕಳಿಸಿ.

ಈ ಕಾಳಿನ ಇತಿಹಾಸ ಬಹಳ ಹಳೆಯದು. ಈಜಿಪ್ಟಿನ ತುತಾಂಖಾಮನ್ ಸಮಾಧಿಯಲ್ಲಿ ಇದು ಸಿಕ್ಕಿದೆ. ಗ್ರೀಕರ ಡಯೋಸ್ಕೊರಿಡಿಸ್ ಬರೆದಿದ್ದಾನೆ, ಇಬ್ನ್ ಸೀನಾ ಬರೆದಿದ್ದಾನೆ, ಆಯುರ್ವೇದದಲ್ಲಿ ಉಪಕುಂಚಿಕಾ ಎಂಬ ಹೆಸರಿದೆ. ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಇದರಲ್ಲಿ ಶಮನವಿದೆ ಎಂಬ ಹದೀಸನ್ನು ಇಲ್ಲಿ ಎಲ್ಲರೂ ಬಲ್ಲರು. ಆ ಗೌರವಕ್ಕೆ ನಾನು ಅಡ್ಡ ಬರುವವನಲ್ಲ. ಹಳೆಯ ವ್ಯಾಖ್ಯಾನಕಾರರಲ್ಲೇ ಕೆಲವರು 'ಎಲ್ಲಕ್ಕೂ' ಎಂಬುದನ್ನು ಅಕ್ಷರಶಃ ಹಿಡಿಯದೆ, ಇಂಥಿಂಥ ಕಾಯಿಲೆಗಳಿಗೆ ಎಂದು ಅರ್ಥ ಮಾಡಿದ್ದಾರೆ. ನನ್ನ ತಕರಾರು ಏನಿದ್ದರೂ ಬಾಟಲಿಯ ಮೇಲೆ ಇಪ್ಪತ್ತು ರೋಗಗಳ ಪಟ್ಟಿ ಅಚ್ಚುಹಾಕುವ ವ್ಯಾಪಾರಿಯ ಮೇಲೆ.

ಕಾಳಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ, ಅಂದರೆ ಸೂರ್ಯಕಾಂತಿ ಎಣ್ಣೆಯಲ್ಲೂ ಇರುವಂಥದ್ದೇ. ವಿಶೇಷವಿರುವುದು ಸುವಾಸನೆಯ ಸಣ್ಣ ಅಂಶದಲ್ಲಿ. ಅದರ ಮುಖ್ಯ ವಸ್ತು ಥೈಮೋಕ್ವಿನೋನ್. ಗಂಟಲಲ್ಲಿ ಕಾಳುಮೆಣಸಿನಂತೆ ಉರಿಯುವುದು, ಕಹಿ ಉಳಿಯುವುದು ಈ ಅಂಶದಿಂದಲೇ. ಪ್ರಯೋಗಾಲಯದಲ್ಲಿ ಇದು ಉರಿಯೂತ ತಗ್ಗಿಸುತ್ತದೆ, ಇಲಿಗಳಲ್ಲಿ ಬಹಳಷ್ಟು ಒಳ್ಳೆಯದನ್ನೂ ಮಾಡಿದೆ. ಇಲಿಗೆ ಗುಣವಾಗಿದ್ದೆಲ್ಲ ಮನುಷ್ಯನಿಗೂ ಆಗುವಂತಿದ್ದರೆ ನಮ್ಮಂಥ ಡಾಕ್ಟರುಗಳು ಎಂದೋ ಅಂಗಡಿ ಮುಚ್ಚಬೇಕಿತ್ತು.

ಮನುಷ್ಯರ ಮೇಲಿನ ಪರೀಕ್ಷೆಗಳೂ ಇವೆ. ಸೌದಿಯ ದಮ್ಮಾಮ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 94 ಮಧುಮೇಹಿಗಳಿಗೆ ಮೂರು ತಿಂಗಳು ದಿನಕ್ಕೆ 1, 2 ಅಥವಾ 3 ಗ್ರಾಂ ಕರಿಜೀರಿಗೆ ಕೊಟ್ಟರು. 2 ಗ್ರಾಂ ತೆಗೆದುಕೊಂಡವರಲ್ಲಿ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಸರಾಸರಿ 1.52ರಷ್ಟು ಇಳಿಯಿತು. 3 ಗ್ರಾಂನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬೇರೆ ಬೇರೆ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಈ ಇಳಿಕೆ ಸುಮಾರು 0.7. ಕಡಿಮೆಯೇನಲ್ಲ. ಆದರೆ ದಮ್ಮಾಮ್‌ನಲ್ಲಿ ಕೊಟ್ಟದ್ದು ಕಾಳಿನ ಪುಡಿಯನ್ನು, ಎಣ್ಣೆಯನ್ನಲ್ಲ. ಅದನ್ನೂ ರೋಗಿಗಳು ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳ ಜೊತೆಗೆ ಕೊಟ್ಟರು. ಮಾತ್ರೆ ಬಿಡಿಸಿ ಕೊಡಲಿಲ್ಲ.

ಬಾಯಿಂದ ಬಾಯಿಗೆ ಬರುವಾಗ ಈ 'ಜೊತೆಗೆ' ಎಂಬ ಮಾತೇ ಬಿದ್ದುಹೋಗುತ್ತದೆ. ನನ್ನ ಬಳಿ ಬಂದ ಒಬ್ಬರ ಕಥೆ ಹೇಳುತ್ತೇನೆ. ಕರಾವಳಿಯವರು, ವಯಸ್ಸು ನಲವತ್ತೆಂಟು, ಕಟ್ಟಡ ಕೆಲಸದ ಮೇಲ್ವಿಚಾರಕ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮೇಲೆ ಎಚ್‌ಬಿಎ1ಸಿ 7.4ರಲ್ಲಿ ನೆಟ್ಟಗೆ ನಡೆಯುತ್ತಿತ್ತು. ರೂಮಿನ ಗೆಳೆಯರ ಮಾತು ಕೇಳಿ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಸಂಜೆ ಒಂದೊಂದು ಚಮಚ ಎಣ್ಣೆ ಶುರುಮಾಡಿದರು. ನಾಲ್ಕು ತಿಂಗಳ ನಂತರ ಬಂದಾಗ ಎಚ್‌ಬಿಎ1ಸಿ 11.2. ಬಂದದ್ದು ಸಕ್ಕರೆಗಾಗಿಯೂ ಅಲ್ಲ, ಸೇಫ್ಟಿ ಬೂಟು ಉಜ್ಜಿ ಆದ ಕಾಲ್ಬೆರಳಿನ ಗಾಯ ಮಾಯುತ್ತಿಲ್ಲವೆಂದು. "ನ್ಯಾಚುರಲ್ ಅಲ್ವಾ ಸರ್, ಏನೂ ಆಗಲ್ಲ ಅಂದ್ಕೊಂಡೆ" ಎಂದರು. ಇನ್ಸುಲಿನ್, ಆಂಟಿಬಯಾಟಿಕ್, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಬೆರಳು ಉಳಿಯಿತು. ಆರು ವಾರದ ಸಂಬಳ ಹೋಯಿತು. ಊರಲ್ಲಿ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಕೆಲಸವೇ ಹೋಗಿದ್ದರೆ ಏನು ಎಂದು ಅವರೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಎಣ್ಣೆ ಅವರಿಗೆ ವಿಷವಾಗಲಿಲ್ಲ. ಮಾತ್ರೆಯ ಜಾಗದಲ್ಲಿ ಕೂತಿತು, ಅಷ್ಟೇ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಮಾತ್ರೆಯನ್ನೂ ಪೂರ್ತಿ ನುಂಗಿ, ಎಣ್ಣೆಯನ್ನೂ ಕುಡಿದು, ಊಟ ತಡಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರು, ಅದರಲ್ಲೂ ರಂಜಾನ್ ಉಪವಾಸವೋ ಏಕಾದಶಿಯೋ ಮಾಡುವವರು, ಇದನ್ನು ನೆನಪಿಡಬೇಕು. ಕೈನಡುಕ, ಬೆವರು, ತಲೆ ಹಗುರಾದಂತಾಗುವುದು ಇದರ ಲಕ್ಷಣ. ಕೂಡಲೇ ಸಕ್ಕರೆ ನೀರು ಕುಡಿಯಿರಿ, ಆಮೇಲೆ ಫೋನ್ ಮಾಡಿ.

ರಕ್ತದೊತ್ತಡದ ವಿಷಯ ಚಿಕ್ಕದು. 2016ರಲ್ಲಿ 11 ಪರೀಕ್ಷೆಗಳನ್ನು ಸೇರಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ 3ರಷ್ಟು, ಕೆಳಗಿನದು ಸುಮಾರು 3ರಷ್ಟು ಇಳಿದಿತ್ತು. ಬಿ.ಪಿ. ಇರುವವರು ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿದರೂ ಅಷ್ಟು ಸಿಗುತ್ತದೆ, ಖರ್ಚಿಲ್ಲದೆ.

ಇನ್ನು ಚರ್ಮ. ಇಲ್ಲಿ ನನಗೆ ಸ್ವಲ್ಪ ಹೆಚ್ಚು ಭರವಸೆಯಿದೆ. ಕೈಯ ಎಕ್ಸಿಮಾಕ್ಕೆ ಕರಿಜೀರಿಗೆ ಮುಲಾಮನ್ನು ಸ್ಟೆರಾಯ್ಡ್ ಮುಲಾಮಿನ ಜೊತೆ ಹೋಲಿಸಿದ 2013ರ ಇರಾನಿನ ಅಧ್ಯಯನದಲ್ಲಿ, ನಾಲ್ಕು ವಾರಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಪಾತ್ರೆ ತೊಳೆದು, ಏಸಿಯ ಒಣಗಾಳಿಯಲ್ಲಿ ಕೂತು ಕೈ ಬಿರಿದವರು ಪ್ರಯತ್ನಿಸಬಹುದು. ಆದರೆ ಎಣ್ಣೆಯನ್ನು ನೇರವಾಗಿ ಮುಖಕ್ಕೆ ಬಳಿಯಬೇಡಿ. ಇದರಿಂದಲೇ ಅಲರ್ಜಿಯಾಗಿ ಮುಖ ಊದಿಸಿಕೊಂಡವರಿದ್ದಾರೆ. ಒಂದು ಪಾಲಿಗೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ಮೊಣಕೈ ಒಳಬದಿಗೆ ಒಂದು ತೊಟ್ಟು ಹಚ್ಚಿ ಎರಡು ದಿನ ಕಾಯಿರಿ. ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಮುಂದಿನ ಮಾತು. ಮದುವೆಗೆ ಮೂರು ದಿನ ಇರುವಾಗ ಮಾತ್ರ ಈ ಪ್ರಯೋಗ ಬೇಡವೇ ಬೇಡ.

ಕೂದಲಿಗೆ ಇರುವ ಆಧಾರ ತೀರಾ ತೆಳು. ಕೂದಲು ಉದುರುವ ಕೆಲವೇ ಮಹಿಳೆಯರ ಮೇಲಿನ ಸಣ್ಣ ಪರೀಕ್ಷೆಯಲ್ಲಿ ಒಳ್ಳೆಯ ಸೂಚನೆ ಇತ್ತು, ಅಷ್ಟರಿಂದ ಜಾಹೀರಾತಿನ ಉದ್ದ ಜಡೆ ಬರುವುದಿಲ್ಲ. ಗಲ್ಫಿಗೆ ಬಂದ ಹೊಸತರಲ್ಲಿ ಕೂದಲು ಉದುರಿದರೆ ಎಲ್ಲರೂ ನೀರನ್ನು ಬೈಯುತ್ತಾರೆ. ನಾನು ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ನೋಡುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಕಾಳು ಕಪ್ಪಗಿದೆಯೆಂದು ನರೆತ ಕೂದಲು ಕಪ್ಪಾಗುತ್ತದೆ ಎಂಬುದಕ್ಕೆ ನನ್ನ ತಲೆಯೇ ಉತ್ತರ, ನಮ್ಮ ಮನೆಯವರು ಎರಡು ಬಾಟಲಿ ಮುಗಿಸಿದ್ದಾರೆ!

ಬಸುರಿಯರು ಅಡುಗೆಯ ಚಿಟಿಕೆಗಿಂತ ಹೆಚ್ಚು ತೆಗೆದುಕೊಳ್ಳಬಾರದು. ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯವರು, ಮೂತ್ರಪಿಂಡದ ತೊಂದರೆಯವರು ಕೇಳದೆ ಮುಟ್ಟಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆಯ ವೈದ್ಯರಿಗೂ ತಿಳಿಸಿ. ಕೆಲವು ಮಾತ್ರೆಗಳು ಯಕೃತ್ತಿನಲ್ಲಿ ಕರಗುವ ವೇಗವನ್ನೂ ಇದು ಬದಲಿಸುತ್ತದೆ. ಆದ್ದರಿಂದ ಡಾಕ್ಟರು "ಏನೇನು ತಗೋತೀರಿ?" ಎಂದು ಕೇಳಿದಾಗ ಈ ಬಾಟಲಿಯ ಹೆಸರನ್ನೂ ಹೇಳಿ. ನಾವು ಬೈಯುವುದಿಲ್ಲ.

ಇಷ್ಟೆಲ್ಲ ಆದಮೇಲೂ ಬೇಕೆನ್ನುವ ಆರೋಗ್ಯವಂತರು ದಿನಕ್ಕೆ ಅರ್ಧ ಚಹಾ ಚಮಚ ಊಟದ ಜೊತೆ ತೆಗೆದುಕೊಳ್ಳಬಹುದು. ಒಂದು ಪೂರ್ಣ ಚಮಚದಲ್ಲಿ ಸುಮಾರು 40 ಕ್ಯಾಲೊರಿ ಇದೆ, ತೂಕ ಇಳಿಸಲೆಂದು ಮೂರು ಹೊತ್ತು ಕುಡಿಯುವವರು ಲೆಕ್ಕ ಹಾಕಿ. ಬಿಸಿ ಮಾಡದೆ ಗಾಣದಲ್ಲಿ ತೆಗೆದದ್ದು, ಕಪ್ಪು ಗಾಜಿನ ಸಣ್ಣ ಬಾಟಲಿ, ಮೇಲೆ ತಾರೀಕು ಇರುವುದನ್ನು ಕೊಳ್ಳಿ. ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ. ಜುಲೈ ಬಿಸಿಲಲ್ಲಿ ಕಾರಿನೊಳಗೆ ಮರೆತದ್ದನ್ನು ಎಸೆದುಬಿಡಿ. ನಾನಂತೂ ಕಾಳನ್ನೇ ಕೊಳ್ಳುತ್ತೇನೆ. ದೇರಾದ ಮಸಾಲೆ ಸೂಕಿನಲ್ಲಿ ಗೋಣಿಚೀಲದಿಂದ ತೂಗಿ ಕೊಡುತ್ತಾರೆ. ಹದವಾಗಿ ಹುರಿದು ಬದನೆಕಾಯಿ ಪಲ್ಯಕ್ಕೆ ಒಂದು ಚಿಟಿಕೆ ಉದುರಿಸಿ ನೋಡಿ.