ಗೂಢಚಾರನ ಊಟದ ತಟ್ಟೆ

ಜೇಮ್ಸ್ ಬಾಂಡ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದುಬಾರಿ ಕಾರು, ಬೆಲೆಬಾಳುವ ಉಡುಪು, ಜೂಜಿನ ಮೇಜು. ಆದರೆ ಇಯಾನ್ ಫ್ಲೆಮಿಂಗ್‌ ಅವರ ಮೂಲ ಕಾದಂಬರಿಗಳಲ್ಲಿ ನಮಗೆ ಬೇರೊಬ್ಬ ಬಾಂಡ್ ಎದುರಾಗುತ್ತಾನೆ.

ಮೊದಲ ಕಾದಂಬರಿ ‘ಕ್ಯಾಸಿನೋ ರಾಯಲ್’ ಪ್ರಕಟವಾದದ್ದು 1953ರಲ್ಲಿ. ಬ್ರಿಟನ್ನಿನಲ್ಲಿ ಆಗಿನ್ನೂ ಮಾಂಸ, ಬೆಣ್ಣೆ, ಸಕ್ಕರೆಗಳು ಪಡಿತರದಲ್ಲಿದ್ದವು. ಆ ಕಟ್ಟುಪಾಡು ಪೂರ್ಣವಾಗಿ ತೊಲಗಿದ್ದು 1954ರಲ್ಲಿ. ಅಳೆದು ಉಣ್ಣುತ್ತಿದ್ದ ಓದುಗರಿಗೆ ನಾಯಕನ ಭೋಜನದ ವರ್ಣನೆಯೇ ಔತಣವಾಗಿದ್ದರೆ ಆಶ್ಚರ್ಯವಿಲ್ಲ.

ಬಾಂಡ್ ಮಾತ್ರ ಸಂಬಳದ ಮನುಷ್ಯ. ‘ಮೂನ್‌ರೇಕರ್’ (1955) ಹೇಳುವಂತೆ ಅವನ ವಾರ್ಷಿಕ ವೇತನ 1,500 ಪೌಂಡು. ಕೋಟ್ಯಧೀಶರು ಅವನ ವೈರಿಗಳು. ಉದ್ಯಮಪತಿ ಡ್ರಾಕ್ಸ್, ಚಿನ್ನದ ಹುಚ್ಚು ಹಿಡಿದ ಗೋಲ್ಡ್‌ಫಿಂಗರ್ ಇಬ್ಬರೂ ಅಷ್ಟು ಸಿರಿಯಿದ್ದೂ ಇಸ್ಪೀಟಿನಲ್ಲಿ ಮೋಸಮಾಡುವವರು! ಸಂಪತ್ತು ಹೆಚ್ಚಿದಂತೆ ಆಸೆ ತಣಿಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

‘ಗೋಲ್ಡ್‌ಫಿಂಗರ್’ (1959) ಕಾದಂಬರಿಯ ಆರಂಭದಲ್ಲಿ ಮಯಾಮಿಯ ಸಿರಿವಂತನೊಬ್ಬ ಬಾಂಡ್‌ಗೆ ಏಡಿ, ಷಾಂಪೇನುಗಳ ಭಾರಿ ಔತಣ ನೀಡುತ್ತಾನೆ. ಬಯಸಿದ್ದು ಕೈಗೂಡಿತು, ಆ ಸುಖವೇ ಅವನಿಗೆ ಜಿಗುಪ್ಸೆ ತರಿಸಿತು. 1964ರ ಚಲನಚಿತ್ರದಲ್ಲಿ ಕಾರಿಗೆ ಸ್ಥಾನ ದೊರೆಯಿತು, ಜಿಗುಪ್ಸೆಗೆ ದೊರೆಯಲಿಲ್ಲ.

ನಮ್ಮ ಮಕ್ಕಳು ನೋಡುವುದು ಚಿತ್ರವನ್ನು. ಆದ್ದರಿಂದ ಅವನ ಕಾರಿನ ಜೊತೆಗೆ, ಅವನು ತಟ್ಟೆ ಸರಿಸಬಯಸಿದ ಆ ಗಳಿಗೆಯನ್ನೂ ಅವರಿಗೆ ಹೇಳುವ ಹೊಣೆ ಹಿರಿಯರಾದ ನಮ್ಮದೇ.